ಮೈಕ್ ಕೆಟ್ಟಿಲ್ಲ

ಜೂನ್ ೧೮

ಅಕ್ಕನಿಗೆ ನಮಸ್ಕಾರ.

ಫೋನ್ ಎತ್ತದವರಿಗೆ ಕಾಗದವೇ ಗತಿ. ನಾಲ್ಕು ಸಲ ರಿಂಗ್ ಮಾಡಿ, ಸಾಕಾಗಿ, ಪೆನ್ನು ಹಿಡಿದಿದ್ದೇನೆ. ರೇಡಿಯೋ ಕೆಲಸದಿಂದ ನಿವೃತ್ತಿಯಾದ ಮೇಲೆ ನಿನಗೆ ಕೋಡು ಮೂಡಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ನಿನ್ನ ಪರವಾಗಿ ವಾದಿಸುವುದನ್ನು ಬಿಟ್ಟು ಬಹಳ ದಿನವಾಯಿತು.

ಸಂತೋಷದ ಸುದ್ದಿ ಏನೆಂದರೆ, ನಮ್ಮ ಸ್ಕೂಲಿನಲ್ಲಿ ರೇಡಿಯೋ ಶುರುವಾಗಿದೆ. ನಗಬೇಡ. ಮುರಿದ ಬೆಂಚು ತುಂಬಿಟ್ಟಿದ್ದ ಕೋಣೆಯನ್ನು ಹೆಡ್‌ಮಿಸ್ ನನಗೆ ಬಿಟ್ಟುಕೊಟ್ಟರು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಸದ್ದು ಮಾರ್ದನಿಸದ ಹಾಗೆ ಮಾಡಿದ್ದೇವೆ. ಎರಡು ಮೈಕು, ಕೈಯಲ್ಲಿ ಹಿಡಿಯುವ ಒಂದು ರೆಕಾರ್ಡರು, ಎದ್ದೇಳಲು ಕಾಲು ಗಂಟೆ ತೆಗೆದುಕೊಳ್ಳುವ ಒಂದು ಕಂಪ್ಯೂಟರು. ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳು. ಹದಿನೈದು ದಿನಕ್ಕೊಮ್ಮೆ, ಬೆಳಗಿನ ಸಾಲಿನಲ್ಲಿ ಎಲ್ಲರೂ ನಿಂತಿರುವಾಗ, ಅಂಗಳದ ಸ್ಪೀಕರಿನಲ್ಲಿ ಹತ್ತು ನಿಮಿಷದ ಕಾರ್ಯಕ್ರಮ. ಹೊಸಬರ ಮುಂದೆ ನಾಲ್ಕು ಮಾತಾಡಲು ಬೆವರುವ ವಯಸ್ಸು ಅವರದು. ಮಾತು ಕಲಿಸುವುದಕ್ಕೆ ಪಾಠಕ್ಕಿಂತ ಮೈಕೇ ಮೇಲು ಎಂದು ನನ್ನ ಹಟ.

ಗೋಡೆಯ ಮೇಲೆ ನಿನ್ನ ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಪ್ರಶ್ನೆ ಚಿಕ್ಕದಿರಲಿ. ಉತ್ತರದ ಮಧ್ಯೆ ಬಾಯಿ ಹಾಕಬೇಡ. ತಡವರಿಕೆ, ಕೆಮ್ಮು, ಖಾಲಿ ಜಾಗ ಸಿಕ್ಕರೆ ಕತ್ತರಿಸು. ಎಷ್ಟು ಸೆಕೆಂಡು ಕತ್ತರಿಸಿದೆ ಎಂದು ಬರೆದಿಡು. ಮೂವತ್ತೆರಡು ವರ್ಷ ಬ್ಲೇಡು ಹಿಡಿದು ಟೇಪು ಕತ್ತರಿಸಿ ಅಂಟಿಸಿದವರು ಹೇಳಿದ್ದು ಎಂದು ಮಕ್ಕಳಿಗೆ ಹೇಳಿದಾಗ ನಿನ್ನನ್ನು ಯಾವುದೋ ಆಸ್ಪತ್ರೆಯ ಡಾಕ್ಟರ್ ಎಂದುಕೊಂಡರು.

ಮುಂಚೆಯೇ ರೆಕಾರ್ಡ್ ಮಾಡಿಟ್ಟ ಮೊದಲ ಮೂರು ಕಾರ್ಯಕ್ರಮಗಳನ್ನು ಪೆನ್ ಡ್ರೈವಿನಲ್ಲಿ ಹಾಕಿ ಕಳಿಸುತ್ತಿದ್ದೇನೆ. ಕೇಳಿ, ಮುಲಾಜಿಲ್ಲದೆ ಬೈದು ಬರೆ.

ನಿನ್ನ ತಮ್ಮ


ಜುಲೈ ೨

ತಮ್ಮನಿಗೆ ಆಶೀರ್ವಾದ.

ನಿನ್ನ ಹೆಂಡತಿಗೆ ಹೇಳು, ಕೋಡು ಹುಟ್ಟಿನಿಂದಲೇ ಇದೆ, ಈಗ ಕೂದಲು ಉದುರಿದ್ದಕ್ಕೆ ಕಾಣಿಸುತ್ತಿದೆ ಅಷ್ಟೆ. ಫೋನಿನ ಗೋಳು ನನಗೆ ಬೇಡ. ಅದು ಹೊಡೆದುಕೊಳ್ಳುವುದು ನಾನು ಸ್ನಾನಕ್ಕೆ ಹೋದಾಗಲೇ. ಕಾಗದವಾದರೆ ಎರಡು ಸಲ ಓದಬಹುದು.

ಮೂರು ಕಾರ್ಯಕ್ರಮವೂ ಮುಗಿಯಿತು. ಬೈಯಲು ಕೂತವಳಿಗೆ ಬೈಯುವುದು ಅಷ್ಟಾಗಿ ಸಿಗಲಿಲ್ಲ. ಕ್ಯಾಂಟೀನಿನ ಅಡುಗೆಯವರ ಹತ್ತಿರ ಹೋದ ಹುಡುಗ ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದಾನೆ. ಅವರು ಬುದ್ಧಿವಂತರು, ಸುಲಭದ್ದನ್ನು ಆರಿಸಿಕೊಂಡು ಅದಕ್ಕಷ್ಟೇ ಉತ್ತರ ಕೊಟ್ಟಿದ್ದಾರೆ. ಬಸ್ ಡ್ರೈವರಿನ ಕಾರ್ಯಕ್ರಮದಲ್ಲಿ ಕೊನೆಯ ಮಾತು ಮೊದಲು ಬರಬೇಕಿತ್ತು. ಮೂರನೆಯದರಲ್ಲಿ 'ಮುಖ್ಯವಾಗಿ' ಎಂಬ ಪದ ಒಂಬತ್ತು ಸಲ ಬಂದಿದೆ. ಎಲ್ಲವೂ ಮುಖ್ಯವಾದರೆ ಯಾವುದೂ ಮುಖ್ಯವಲ್ಲ ಎಂದು ಆ ಮಗುವಿಗೆ ಹೇಳು.

ಆದರೂ, ಹದಿನಾಲ್ಕು ವರ್ಷದ ಮಕ್ಕಳು ಇಷ್ಟು ಮಾಡಿದ್ದು ನನಗೆ ಹೆಮ್ಮೆ. ನೀನು ಆ ವಯಸ್ಸಿನಲ್ಲಿ ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದೆ.

ಅಕ್ಕ


ಆಗಸ್ಟ್ ೯

ಅಕ್ಕ,

ನಿನ್ನ ಕಾಗದವನ್ನು ಮಕ್ಕಳಿಗೆ ಓದಿ ಹೇಳಿದೆ. 'ಮುಖ್ಯವಾಗಿ' ಎಂದವನ ಹೆಸರೇ ಈಗ 'ಮುಖ್ಯ' ಎಂದಾಗಿದೆ. ಆದರೆ ಒಂದು ಸಣ್ಣ ಬೇಸರ. ಯಾರ ಧ್ವನಿ ಹೇಗಿತ್ತು ಎಂದು ನೀನು ಒಂದು ಸಾಲೂ ಬರೆಯಲಿಲ್ಲ. ಅಷ್ಟು ಕೆಟ್ಟದಾಗಿತ್ತೇ? ಹೇಳಿದರೆ ನೊಂದುಕೊಳ್ಳುತ್ತಾರೆಂದು ಬಾಯಿ ಮುಚ್ಚಿಕೊಂಡೆಯೇನೋ ಎಂದುಕೊಂಡೆ.

ಈ ಸಲ ಒಬ್ಬಳ ವಿಷಯ ಬರೆಯಲೇಬೇಕು. ನಮ್ಮ ಗುಂಪಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಬಂದ ಹುಡುಗಿಯೊಬ್ಬಳಿದ್ದಾಳೆ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೆ. ಮೈಕು ಮುಂದೆ ಹಿಡಿದರೆ ಅದು ಕಚ್ಚುತ್ತದೆ ಎನ್ನುವ ಹಾಗೆ ಹಿಂದೆ ಸರಿಯುತ್ತಾಳೆ. ಏನು ಮಾಡುವುದೆಂದು ತಲೆ ಕೆರೆದುಕೊಂಡು ಕೊನೆಗೆ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅಕ್ಕಾ, ನೀನು ನೋಡಬೇಕಿತ್ತು. ಪರದೆಯ ಮೇಲಿನ ಧ್ವನಿಯ ಗೆರೆ ನೋಡಿಯೇ ಎಲ್ಲಿ ಉಸಿರು, ಎಲ್ಲಿ ಕೆಮ್ಮು ಎಂದು ಹೇಳುತ್ತಾಳೆ. ಕತ್ತರಿಸಿದ ಜಾಗ ನನಗೇ ಗೊತ್ತಾಗುವುದಿಲ್ಲ. ಪ್ರತಿ ತುಂಡನ್ನೂ ಎಷ್ಟು ಸೆಕೆಂಡೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಎಲ್ಲರೂ ಅವಳನ್ನು 'ಕತ್ತರಿ' ಎಂದು ಕರೆಯುತ್ತಾರೆ, ಅವಳಿಗೂ ಅದು ಇಷ್ಟ. ಮಾತು ಕಲಿಸುತ್ತೇನೆಂದು ಕೋಣೆ ತೆಗೆದುಕೊಂಡು ಮಾತಾಡದವಳನ್ನು ಯಂತ್ರದ ಮುಂದೆ ಕೂರಿಸಿದ್ದೀರಿ ಎಂದು ಹೆಡ್‌ಮಿಸ್ ಗೊಣಗಿದರು. ಗೊಣಗಲಿ ಬಿಡು.

ಇನ್ನೂ ಇದೆ. ನಮ್ಮ ಗೇಟು ಕಾಯುವ ತಾತ ಮೂವತ್ತೊಂದು ವರ್ಷದ ಕೆಲಸ ಮುಗಿಸಿ ಸೆಪ್ಟೆಂಬರ್ ಮೂವತ್ತಕ್ಕೆ ನಿವೃತ್ತರಾಗುತ್ತಾರೆ. ಅವರ ಸಂದರ್ಶನ ಯಾರು ಮಾಡುತ್ತೀರಿ ಎಂದಾಗ ಕತ್ತರಿ ಕೈ ಎತ್ತಿದಳು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅವರ ಪಕ್ಕದ ಕಲ್ಲಿನ ಮೇಲೆ ಕೂರುವವಳು ಅವಳು. ಸ್ಕೂಲಿನಲ್ಲಿ ಅವಳು ಬಾಯಿ ಬಿಟ್ಟು ಮಾತಾಡುವ ಒಬ್ಬನೇ ಮನುಷ್ಯ ಆ ತಾತ. ತಾನೇ ಏಳು ಪ್ರಶ್ನೆ ಕೇಳಿ, ತಾನೇ ಕತ್ತರಿಸಿ ಮುಗಿಸಿದ್ದಾಳೆ.

ಇದನ್ನು ಮಕ್ಕಳಿಗೆ ಕೇಳಿಸುವ ಮೊದಲು ನಿನಗೆ ಕಳಿಸುತ್ತಿದ್ದೇನೆ. ನೀನು ಹೂಂ ಎಂದರೆ ಇಪ್ಪತ್ತಮೂರನೇ ತಾರೀಕು ಸ್ಪೀಕರಿಗೆ.

ನಿನ್ನ ತಮ್ಮ


ಆಗಸ್ಟ್ ೧೭

ತಮ್ಮ,

ಹಾಕು. ಚೊಕ್ಕವಾಗಿದೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. "ಸ್ಕೂಲಿನವರು ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ರಾ ತಾತ?" "ಹೂಂ, ನೋಡ್ಕೊಂಡ್ರು." ಪ್ರಶ್ನೆ ಎಂದರೆ ಹೀಗಿರಬೇಕು, ಉತ್ತರ ಎಂದರೆ ಹೀಗಿರಬೇಕು. ಧ್ವನಿ ಯಾರದೂ ಕೆಟ್ಟದಾಗಿಲ್ಲ, ಸುಮ್ಮನೆ ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಆ ಹುಡುಗಿಯನ್ನು ನನ್ನ ಕೈಗೆ ಕೊಟ್ಟಿದ್ದರೆ ಆಗಿನ ಕಾಲದಲ್ಲಿ ನನ್ನ ಪಕ್ಕದ ಮೇಜು ಕೊಡಿಸುತ್ತಿದ್ದೆ ಎಂದು ಅವಳಿಗೆ ಹೇಳು. ನಾನು ಯಾರಿಗೂ ಇಷ್ಟು ಹೇಳಿದವಳಲ್ಲ.

ಅಕ್ಕ


ಸೆಪ್ಟೆಂಬರ್ ೫

ತಮ್ಮ,

ಹೊಗಳಿದ್ದು ತಲೆಗೇರಿತೇ? ಕಾರ್ಯಕ್ರಮವಾಗಿ ಎರಡು ವಾರವಾಗುತ್ತಾ ಬಂತು, ನಿನ್ನ ಪತ್ತೆಯಿಲ್ಲ. ನಾನಿಲ್ಲಿ ಹಾಲಿನವನಿಂದ ಹಿಡಿದು ಎದುರು ಮನೆಯವರವರೆಗೆ ಎಲ್ಲರಿಗೂ ಕತ್ತರಿಯ ಕತೆ ಹೇಳಿ ಮುಗಿಸಿದ್ದೇನೆ. ಸ್ಕೂಲಿನಲ್ಲಿ ಎಷ್ಟು ಚಪ್ಪಾಳೆ ಬಿತ್ತು, ಅವಳ ಮುಖ ಹೇಗಿತ್ತು, ಎಲ್ಲ ಬರೆ. ಇನ್ನೂ ಕಾಯಿಸಿದರೆ ನಿನ್ನ ಹೆಂಡತಿಗೇ ಬರೆಯುತ್ತೇನೆ.

ಅಕ್ಕ


ಸೆಪ್ಟೆಂಬರ್ ೧೧

ಅಕ್ಕ,

ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಬರೆಯದೆ ಇದ್ದದ್ದು ನಾಚಿಕೆಯಿಂದ.

ಅವತ್ತು ಸಂಜೆ ಮಕ್ಕಳೆಲ್ಲ ಹೊರಟಾಗ ಗೇಟಿನ ತಾತ ಕತ್ತರಿಯನ್ನು ನಿಲ್ಲಿಸಿದರು. ನಾನು ಹಿಂದೆಯೇ ಇದ್ದೆ. ಕೋಪವಿರಲಿಲ್ಲ ಅವರಿಗೆ. ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಚೆನ್ನಾಗಿತ್ತು ಮಗಾ. ಆದ್ರೆ ನಾನು ಅಷ್ಟು ಬೇಗ ಹೂಂ ಅನ್ನಲಿಲ್ಲವಲ್ಲ."

ಅವಳ ಮುಖ ಹೇಗಿತ್ತು ಎಂದು ನೀನು ಕೇಳಿದ್ದೆ. ನೆಲ ಬಾಯಿ ಬಿಟ್ಟರೆ ಸಾಕು ಎನ್ನುವ ಹಾಗಿತ್ತು.

ನೋಟ್‌ಬುಕ್ ತೆಗೆದು ನೋಡಿದೆ. ಆ ಪ್ರಶ್ನೆಯ ಎದುರು 'ಖಾಲಿ, ಹದಿನಾಲ್ಕು ಸೆಕೆಂಡು, ತೆಗೆದಿದೆ' ಎಂದು ಬರೆದಿದ್ದಳು. ಆಮೇಲೆ ವಿಚಾರಿಸಿದೆ. ಹನ್ನೊಂದು ವರ್ಷದ ಹಿಂದೆ ಒಂದನೇ ತರಗತಿಯ ಮಗುವೊಂದು ಸ್ಕೂಲಿನಿಂದ ಹೊರಗೆ ಹೋಗಿ ಸಂಜೆಯವರೆಗೆ ಸಿಗಲಿಲ್ಲವಂತೆ. ಚಿಕ್ಕಮ್ಮನ ಮನೆಯಲ್ಲಿ ಆರಾಮವಾಗಿ ಮಲಗಿತ್ತಂತೆ. ಗೇಟಿನವನು ಗಮನಿಸಲಿಲ್ಲ ಎಂದು ತಾತನನ್ನು ಒಂದು ವರ್ಷ ಮನೆಗೆ ಕಳಿಸಿದರು. ಮಗು ಹೋದದ್ದು ಯಾರೋ ತೆರೆದಿಟ್ಟ ಹಿಂಬಾಗಿಲಿನಿಂದ ಎಂದು ಗೊತ್ತಾದ ಮೇಲೆ ಮತ್ತೆ ಕರೆದರು. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ. ಆಗ ಆ ತರಗತಿಯ ಟೀಚರಾಗಿದ್ದವರು, ದೂರು ಬರೆದುಕೊಟ್ಟವರು, ಈಗಿನ ಹೆಡ್‌ಮಿಸ್. ಇಷ್ಟೂ ಆ ಹದಿನಾಲ್ಕು ಸೆಕೆಂಡಿನಲ್ಲಿತ್ತು. ನಾವು ಅದನ್ನು ಖಾಲಿ ಎಂದು ಕಸಕ್ಕೆ ಹಾಕಿದೆವು.

ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು, ಕಾರ್ಯಕ್ರಮ ಮುಗಿದ ಕೂಡಲೇ ಮೂಲ ರೆಕಾರ್ಡಿಂಗ್ ಅಳಿಸಬೇಕು ಎಂಬ ಶಿಸ್ತು ನನ್ನದೇ. ಅದೂ ಹೋಯಿತು. ಅದಕ್ಕೆ ನಾನೊಂದು ಜಾಣತನ ಹೂಡಿದೆ. ಹದಿನಾಲ್ಕು ಸೆಕೆಂಡು ಸದ್ದಿಲ್ಲದ ತುಂಡನ್ನು ಅದೇ ಜಾಗಕ್ಕೆ ಸೇರಿಸಿಬಿಡೋಣ ಎಂದೆ. ಅವಳು ನನ್ನನ್ನೇ ನೋಡಿ ಹೇಳಿದಳು: "ಅದು ಕಂಪ್ಯೂಟರ್ ಸುಮ್ಮನಿರೋದು ಸರ್. ತಾತ ಸುಮ್ಮನಿದ್ದದ್ದಲ್ಲ." ವರ್ಷದಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು. ಅವತ್ತಿನಿಂದ ರೇಡಿಯೋ ಕೋಣೆಗೆ ಕಾಲಿಟ್ಟಿಲ್ಲ. ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂರುವುದನ್ನೂ ಬಿಟ್ಟಿದ್ದಾಳೆ. ಇನ್ನೊಂದು ಕಾರ್ಯಕ್ರಮ ಮಾಡುತ್ತೇವೆ ಎಂದು ಹೆಡ್‌ಮಿಸ್ ಹತ್ತಿರ ಹೋದೆ. ಹಳೆಯದನ್ನು ಯಾಕೆ ಕೆದಕುತ್ತೀರಿ ಎಂದರು. ತಾತ ಹೊರಡಲು ಇನ್ನು ಹತ್ತೊಂಬತ್ತು ದಿನವಿದೆ. ಆ ಹುಡುಗಿ ಹೀಗೇ ಉಳಿದುಬಿಟ್ಟರೆ ನಾನು ಯಾವ ಮುಖದಿಂದ ಪಾಠ ಮಾಡಲಿ?

ಒಂದು ಮಾತು ಕೇಳುತ್ತೇನೆ, ಕೋಪಿಸಿಕೊಳ್ಳಬೇಡ. ನನ್ನ ಕಿವಿಗೆ ಗೊತ್ತಾಗಲಿಲ್ಲ, ಸರಿ. ನಿನಗೂ ಗೊತ್ತಾಗಲಿಲ್ಲವೇ? ರೇಡಿಯೋದಲ್ಲಿ ಯಾರದೋ ಭಾಷಣ ಬರುತ್ತಿದ್ದರೆ, ಇಲ್ಲೊಂದು ಉಸಿರು ಕತ್ತರಿಸಿದ್ದಾರೆ ನೋಡು ಎಂದು ಊಟದ ತಟ್ಟೆಯ ಮುಂದೆ ಬೆರಳೆತ್ತುತ್ತಿದ್ದವಳು ನೀನು. ನೀನು ಹಾಕು ಎಂದೆ, ನಾನು ಹಾಕಿದೆ. ಪೂರ್ತಿ ಕೇಳಿದ್ದೆಯಾ, ಇಲ್ಲ ಅರ್ಧಕ್ಕೆ ಎದ್ದು ಹೋಗಿದ್ದೆಯಾ?

ತಮ್ಮ


ಸೆಪ್ಟೆಂಬರ್ ೧೬

ತಮ್ಮ,

ಕೇಳಲಿಲ್ಲ. ಅರ್ಧವೂ ಕೇಳಲಿಲ್ಲ. ಎರಡು ವರ್ಷದಿಂದ ನನಗೆ ಕಿವಿ ಕೇಳಿಸುವುದಿಲ್ಲ.

ಬರೆದಾಯಿತು. ಬರೆಯಲು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಬರೆಯುತ್ತಿದ್ದೆ.

ಮೊದಲು ಎಡಗಿವಿ ಹೋಯಿತು, ವರ್ಷದೊಳಗೆ ಬಲಗಿವಿ. ಡಾಕ್ಟರ್ ಏನೇನೋ ಹೇಳಿದರು, ಅದೂ ಕೇಳಿಸಲಿಲ್ಲ. ಕಿವಿಯಲ್ಲಿ ಇಟ್ಟುಕೊಳ್ಳುವ ಯಂತ್ರ ಕೊಟ್ಟರು. ಅದರಲ್ಲಿ ಎಲ್ಲರೂ ಡಬ್ಬದೊಳಗೆ ಕೂತು ಜಗಳವಾಡುತ್ತಿರುವ ಹಾಗೆ ಸದ್ದು ಬರುತ್ತದೆ, ಒಂದು ಪದವೂ ಬಿಡಿಸಿ ತಿಳಿಯುವುದಿಲ್ಲ. ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ. ಕಿವಿಯಿಂದ ಅನ್ನ ತಿಂದವಳು ನಾನು. ಯಾರಿಗೆ ಏನೆಂದು ಹೇಳಿಕೊಳ್ಳಲಿ? ಫೋನ್ ಎತ್ತದಿದ್ದರೆ ಸೊಕ್ಕಿನವಳು ಎನ್ನುತ್ತಾರೆ. ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎನ್ನಿಸಿತ್ತು.

ನೀನು ಕಳಿಸಿದ್ದನ್ನೆಲ್ಲ ಮೇಲಿನ ಮನೆಯ ಕಾಲೇಜು ಹುಡುಗಿ ಕೇಳಿ, ನೀಟಾಗಿ ಬರೆದುಕೊಡುತ್ತಾಳೆ. ನಾನು ಓದುತ್ತೇನೆ. ಓದುವಾಗ ಧ್ವನಿಯಿಲ್ಲ, ಉಸಿರಿಲ್ಲ. ಪ್ರಶ್ನೆಯ ಕೆಳಗೆ ಉತ್ತರವಿರುತ್ತದೆ. ಅದಕ್ಕೇ ಚೊಕ್ಕವಾಗಿ ಕಂಡಿತು. ತಪ್ಪು ನನ್ನದು, ನಿನ್ನ ಕತ್ತರಿಯದಲ್ಲ. ಈ ಮಾತನ್ನು ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳು. ಮುಚ್ಚಿಡಬೇಡ, ಮುಚ್ಚಿಟ್ಟದ್ದರಿಂದಲೇ ಇಷ್ಟಾಯಿತು.

ಇನ್ನು ನಿಯಮ. ಖಾಲಿ ಜಾಗ ಕತ್ತರಿಸು ಎಂದದ್ದು ನಾನೇ. ನಮಗೆ ಸುದ್ದಿಗೆ ಮೂರೇ ನಿಮಿಷ ಕೊಡುತ್ತಿದ್ದರು, ಅದಕ್ಕೆ ಹುಟ್ಟಿದ ನಿಯಮ ಅದು. ಕೂತು ಒಬ್ಬ ಮನುಷ್ಯನ ಬದುಕು ಕೇಳುವಾಗ ಹಿಡಿಯುವ ನಿಯಮವಲ್ಲ. ಅದನ್ನು ನಿನಗೆ ಹೇಳಲು ಮರೆತೆ. ಗೋಡೆಯ ಮೇಲಿಂದ ಆ ಸಾಲು ಅಳಿಸಿಬಿಡು.

ಯಂತ್ರ ಸುಮ್ಮನಿರುವುದಕ್ಕೂ ಮನುಷ್ಯ ಸುಮ್ಮನಿರುವುದಕ್ಕೂ ವ್ಯತ್ಯಾಸವಿದೆ ಎಂದು ತಿಳಿಯಲು ನನಗೆ ಆ ಕೆಲಸದಲ್ಲಿ ಹತ್ತು ವರ್ಷ ಬೇಕಾಯಿತು. ಅವಳಿಗೆ ಹದಿನಾಲ್ಕನೇ ವಯಸ್ಸಿಗೇ ತಿಳಿದಿದೆ. ಇಂಥವಳು ಕೋಣೆಯ ಹೊರಗೆ ನಿಂತರೆ ಹೇಗೆ? ಅವಳ ಕೈಗೆ ರೆಕಾರ್ಡರ್ ಕೊಟ್ಟು ತಾತನ ಹತ್ತಿರ ಕಳಿಸು. ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿ. ನೀನು ಜೊತೆಗೆ ಹೋಗಬೇಡ, ಮೇಷ್ಟ್ರಿದ್ದ ಕಡೆ ಯಾರೂ ನಿಜ ಹೇಳುವುದಿಲ್ಲ.

ಅಕ್ಕ


ಅಕ್ಟೋಬರ್ ೧

ಅಕ್ಕ,

ನಿನ್ನ ಕಾಗದ ಓದಿದೆ. ಎರಡು ವರ್ಷ ಸೊಕ್ಕು ಎಂದುಕೊಂಡದ್ದಕ್ಕೆ ನನ್ನ ಕಿವಿಯನ್ನೇ ಹಿಂಡಿಕೊಳ್ಳಬೇಕು. ನನ್ನ ಹೆಂಡತಿ ಅತ್ತಳು. ಆಮೇಲೆ ನಿನಗಾಗಿ ದಪ್ಪ ಅಕ್ಷರದಲ್ಲಿ ನಾಲ್ಕು ಪುಟ ಬರೆದಿದ್ದಾಳೆ, ಇದರ ಜೊತೆಗಿದೆ. ಕಿವಿ ಕೇಳದವರಿಗೆ ಅಕ್ಷರ ದಪ್ಪವಿರಬೇಕು ಎಂದು ಯಾರು ಹೇಳಿದರೋ.

ನೀನು ಹೇಳಿದಂತೆ ಕತ್ತರಿಗೆ ನಿನ್ನ ಕಾಗದವನ್ನೇ ಓದಲು ಕೊಟ್ಟೆ. ಎರಡು ಸಲ ಓದಿದಳು. ಕೈ ಚಾಚಿದಳು. ರೆಕಾರ್ಡರ್ ಕೊಟ್ಟೆ.

ಮರುದಿನ ಬೆಳಿಗ್ಗೆ ಅವಳು ಮತ್ತೆ ಆ ಕಲ್ಲಿನ ಮೇಲಿದ್ದಳು. ಮತ್ತೆ ಸುಮ್ಮನಿರಬೇಕಾ ಎಂದು ತಾತ ನಕ್ಕರಂತೆ. ನಿಮಗೆ ಅನ್ನಿಸಿದಷ್ಟು ಹೊತ್ತು ಇರಿ ಎಂದಳಂತೆ. ಈ ಸಲ ಇಪ್ಪತ್ತಮೂರು ಸೆಕೆಂಡು. ಒಂದನ್ನೂ ಮುಟ್ಟಲಿಲ್ಲ.

ಅದನ್ನು ತೆಗೆದುಕೊಂಡು, ನನಗೂ ಹೇಳದೆ, ಒಬ್ಬಳೇ ಹೆಡ್‌ಮಿಸ್ ಕೋಣೆಗೆ ಹೋಗಿ ಹೆಡ್‌ಫೋನ್ ಮೇಜಿನ ಮೇಲಿಟ್ಟಳು. ನಾನು ಸುದ್ದಿ ತಿಳಿದು ಓಡಿಹೋಗುವಷ್ಟರಲ್ಲಿ ಅವರು ಎರಡನೇ ಸಲ ಕೇಳುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಅವರು ಆಡಿದ್ದು ಇಷ್ಟು: "ಇಷ್ಟು ಹೊತ್ತು ಏನೂ ಕೇಳಿಸದಿದ್ರೆ ಮೈಕ್ ಕೆಟ್ಟಿದೆ ಅಂದ್ಕೊಳ್ತಾರೆ. ಮಕ್ಕಳು ಗಲಾಟೆ ಮಾಡ್ತಾರೆ."

ಅದು ಬೇಡ ಎನ್ನುವ ಮಾತೆಂದು ನನಗೆ ಗೊತ್ತು. ಕತ್ತರಿ ಅದನ್ನು ನಿಜವಾದ ತೊಂದರೆ ಎಂದೇ ತೆಗೆದುಕೊಂಡಳು. "ನಾನು ಹೇಳ್ತೀನಿ ಮಿಸ್," ಎಂದಳು. ಹೆಡ್‌ಮಿಸ್ ಅವಳನ್ನೂ ನನ್ನನ್ನೂ ನೋಡಿ, ಕೊನೆಗೆ ತಲೆಯಾಡಿಸಿದರು.

ನಿನ್ನೆ ಬೆಳಿಗ್ಗೆ ಅಂಗಳದಲ್ಲಿ ಆರುನೂರು ಮಕ್ಕಳು. ತಾತನಿಗೆ ಮುಂದೆ ಕುರ್ಚಿ ಹಾಕಿದ್ದೆವು, ಅವರು ಗೇಟು ಬಿಟ್ಟು ಬರಲು ಒಪ್ಪಲಿಲ್ಲ. ಕುರ್ಚಿಯನ್ನೇ ಗೇಟಿನ ಹತ್ತಿರ ಒಯ್ದೆವು. ಕತ್ತರಿ ಮೈಕಿನ ಮುಂದೆ ನಿಂತಳು. ಕಾರ್ಯಕ್ರಮ ನಡೆದು ಆ ಪ್ರಶ್ನೆ ಬಂದ ಕೂಡಲೇ ಅವಳು ಬಗ್ಗಿ ಹೇಳಿದಳು:

"ಈಗ ಇಪ್ಪತ್ತಮೂರು ಸೆಕೆಂಡು ಏನೂ ಕೇಳಿಸಲ್ಲ. ಮೈಕ್ ಕೆಟ್ಟಿಲ್ಲ. ತಾತ ಯೋಚನೆ ಮಾಡ್ತಿದ್ದಾರೆ."

ಅಕ್ಕಾ, ಆರುನೂರು ಮಕ್ಕಳಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಸ್ಪೀಕರಿನಿಂದ ತಾತನ ಧ್ವನಿ ಬಂತು: "ನೋಡ್ಕೊಂಡ್ರು ಮಗಾ. ಆ ಒಂದು ವರ್ಷ ಬಿಟ್ಟು."

ಚಪ್ಪಾಳೆ ಬೀಳಲಿಲ್ಲ. ಹೆಡ್‌ಮಿಸ್ ಮೆಟ್ಟಿಲಿಳಿದು ಸಾಲುಗಳ ನಡುವೆ ನಡೆದು ಗೇಟಿನ ಹತ್ತಿರ ಹೋದರು. ತಾತ ಎದ್ದು ನಿಂತರು. ಅಲ್ಲಿಯೂ ನಾವು ಒಂದು ಮೈಕ್ ಇಟ್ಟಿದ್ದೆವು, ತಾತ ಕೊನೆಗೆ ಎರಡು ಮಾತಾಡಲಿ ಎಂದು. ಅವರಿಬ್ಬರೂ ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ. ಹೆಡ್‌ಮಿಸ್ ಬಾಯಿ ತೆರೆಯುವ ಮೊದಲೇ ಕತ್ತರಿ ನಿಂತಲ್ಲಿಂದಲೇ ಆ ಮೈಕ್ ಆಫ್ ಮಾಡಿದ್ದಳು. ನಾನು ಇದನ್ನು ಅವಳಿಗೆ ಕಲಿಸಿರಲಿಲ್ಲ.

ನಿನಗಾಗಿ ಅವಳೇ ಕೂತು ಪೂರ್ತಿ ಕಾರ್ಯಕ್ರಮವನ್ನು ಬರೆದಿದ್ದಾಳೆ. ಮಾತಷ್ಟೇ ಅಲ್ಲ, ತಾತ ಉಸಿರೆಳೆದದ್ದು, ಗೇಟು ಕಿರುಗುಟ್ಟಿದ್ದು, ಎಲ್ಲಕ್ಕೂ ಸೆಕೆಂಡು ಹಾಕಿದ್ದಾಳೆ. ಓದಿ ನೋಡು.

ನಿನ್ನ ತಮ್ಮ


ಅಕ್ಟೋಬರ್ ೯

ತಮ್ಮನಿಗೆ ಆಶೀರ್ವಾದ.

ನಿನ್ನ ಹೆಂಡತಿಯ ನಾಲ್ಕು ಪುಟಕ್ಕೆ ಬೇರೆ ಉತ್ತರ ಬರೆಯುತ್ತೇನೆ. ಅದು ನಮ್ಮಿಬ್ಬರ ವಿಷಯ, ನೀನು ಮೂಗು ತೂರಿಸಬೇಡ.

ಕತ್ತರಿ ಬರೆದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಗಡಿಯಾರ ಮುಂದಿಟ್ಟುಕೊಂಡು ಓದಿದೆ. 'ಇಪ್ಪತ್ತಮೂರು ಸೆಕೆಂಡು. ಮೊದಲು ತಾತ ಕಾಲು ಸರಿಸಿದರು. ಹತ್ತನೇ ಸೆಕೆಂಡಿನಲ್ಲಿ ಸೈಕಲ್ ಹೋಯಿತು. ಹದಿನೇಳರಲ್ಲಿ ಮಾತಾಡಲು ಬಾಯಿ ತೆರೆದು ಮತ್ತೆ ಮುಚ್ಚಿದರು' ಎಂದು ಬರೆದಿದ್ದಾಳೆ. ಮುಂದಿನ ಸಾಲು ಕಾಣದ ಹಾಗೆ ಕೈ ಅಡ್ಡವಿಟ್ಟು, ಮುಳ್ಳು ನೋಡುತ್ತಾ ಇಪ್ಪತ್ತಮೂರು ಸೆಕೆಂಡು ಕೂತೆ. ಎಷ್ಟು ಉದ್ದ ಗೊತ್ತೇನೋ ಅದು. ಆಮೇಲೆ ಕೈ ತೆಗೆದೆ. ಓದಿ ಮುಗಿಸಿದಾಗ, ಕೆಲಸದಲ್ಲಿದ್ದಾಗ ಒಳ್ಳೆಯ ಕಾರ್ಯಕ್ರಮ ಮುಗಿದ ಮೇಲೆ ಆಗುತ್ತಿದ್ದ ಹಾಗೆಯೇ ಮೈ ಹಗುರಾಯಿತು. ಎರಡು ವರ್ಷದಲ್ಲಿ ಮೊದಲ ಸಲ.

ನಿನ್ನ ಬಗ್ಗೆಯೂ ಹೆಮ್ಮೆಯಿದೆ, ಉಬ್ಬಬೇಡ. ತನಗಿಂತ ಚೆನ್ನಾಗಿ ಕೇಳಿಸಿಕೊಳ್ಳುವ ಮಗುವನ್ನು ಕಂಡು ಸುಮ್ಮನೆ ಪಕ್ಕಕ್ಕೆ ಸರಿಯುವುದು ಎಲ್ಲ ಮೇಷ್ಟ್ರ ಕೈಲೂ ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿದ್ದೆ. ಎರಡು ವರ್ಷದಿಂದ ಅಲ್ಲಿ ನನ್ನದು ಒಂದೇ ಕೆಲಸ. ಅವನು ಏನೋ ಕೇಳುತ್ತಾನೆ, ನಾನು ಗತ್ತಿನಿಂದ ತಲೆಯಾಡಿಸುತ್ತೇನೆ, ಅವನು ಕೊಟ್ಟದ್ದನ್ನು ತರುತ್ತೇನೆ. ಇವತ್ತೂ ಏನೋ ಕೇಳಿದ. ಹಿಂದೆ ನಾಲ್ಕು ಜನ ನಿಂತಿದ್ದರು. ನಾನು ಚೀಲ ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನನಗೆ ಕಿವಿ ಕೇಳಿಸಲ್ಲಪ್ಪ. ಬರೆದು ತೋರಿಸು."

ಅವನು ಚೀಟಿಯ ಹಿಂದೆ ಬರೆದು ಕೊಟ್ಟ. 'ಅಜ್ಜಿ, ಹೇಗಿದ್ದೀರಿ ಎಂದು ಕೇಳಿದೆ, ಅಷ್ಟೆ' ಎಂದಿತ್ತು.

ಅಂಗಡಿಯಲ್ಲೇ ನಿಂತು, ಹಿಂದಿನವರನ್ನು ಕಾಯಿಸಿ, ಹೇಗಿದ್ದೇನೆಂದು ಪೂರ್ತಿ ಹೇಳಿ ಬಂದೆ. ಕತ್ತರಿಗೆ ಹೇಳು, ಅವಳು ಮೈಕಿನ ಮುಂದೆ ನಿಂತದ್ದನ್ನು ಓದಿ ಮಾತು ಕಲಿತವರಲ್ಲಿ ಅರವತ್ತನಾಲ್ಕು ವರ್ಷದವಳೊಬ್ಬಳು ಇದ್ದಾಳೆ.

ಅಕ್ಕ